ಕುಂಕುಮ ಹಚ್ಚಿದ ಪ್ರತಿ

೫ ಜನವರಿ ೧೯೫೯, ನಾಪೋಕ್ಲು

ಇಂದು ಒಂದೇ ಸ್ಟೆನ್ಸಿಲ್. ಅಕ್ಷರ ಕೊರೆಯುವ ಕಡ್ಡಿ ಜಾರಿ ಮೇಣದ ಹಾಳೆ ಹರಿಯಿತು. ಮತ್ತೆ ಮೊದಲಿಂದ. ವಾಚನಾಲಯದಿಂದ ತಂದ ಹಳೆಯ ಪುಸ್ತಕ, ಮಾಯಿಲಪ್ಪನವರು ಈ ಸೀಮೆಯ ಕಾಫಿ ತೋಟಗಳ ಬಗ್ಗೆ ಬರೆದದ್ದು, ಮತ್ತೆ ಯಾರೂ ಅಚ್ಚು ಹಾಕಿಲ್ಲ. ನಾನು ಸೈಕ್ಲೋಸ್ಟೈಲ್ ಮಾಡಿ ಊರೂರಿಗೆ ಕೊಡುತ್ತೇನೆ. ಮುಂದಿನದು ಕೂಲಿಯವರ ಲೈನ್‌ಮನೆಗಳ ಅಧ್ಯಾಯ. ಘಾಟಿ ಹತ್ತಿ ಬಂದು ಕಾಫಿ ನೆಟ್ಟವರು, ಎಸ್ಟೇಟಿನಲ್ಲೇ ಜ್ವರದಿಂದ ಸತ್ತವರು... ಹೆಸರು ಸಮೇತ.

೭ ಜನವರಿ

ದೇರಪ್ಪನವರು ಬಂದರು. ವಾಚನಾಲಯದ ಸೆಕ್ರೆಟರಿ, ಮಾಯಿಲಪ್ಪನವರ ಮೊಮ್ಮಗ. ಆ ಅಧ್ಯಾಯ ಬೇಡವಂತೆ. ತಮ್ಮ ಎಸ್ಟೇಟಿನ ಮರ್ಯಾದೆ ಹೋಗುತ್ತದಂತೆ. ಅಜ್ಜನ ಪುಸ್ತಕ ಮನೆಯ ಸೊತ್ತಂತೆ. ಬರೆದವರು ತೀರಿ ಐವತ್ತು ವರ್ಷ ಕಳೆದರೆ ಪುಸ್ತಕ ಎಲ್ಲರದು, ಕಾನೂನಿದೆ, ಅಜ್ಜ ತೀರಿ ಅದಕ್ಕೂ ಹೆಚ್ಚಾಯಿತು ಎಂದೆ.  

"ಬಿ.ಎ. ಜೊತೆಗೆ ಲಾಯರಿಕೆಯೂ ಬಂತಾ ಯಮುನ?" ನಕ್ಕು, ಪುಸ್ತಕ ಕಂಕುಳಲ್ಲಿಟ್ಟು ಹೋದರು.

ಇನ್ನೊಂದು ಪ್ರತಿ ಎಲ್ಲಾದರೂ ಇರಲೇಬೇಕು.

೧೮ ಜನವರಿ

ಇದೆ. ಗೆಳತಿ ಗಂಗೆ ಹೇಳಿದ್ದು ನಿಜ. ಸಂಪಾಜೆಯ ಬೊಳ್ಳಮ್ಮ ಎಂಬ ಮುದುಕಿಯ ದೇವರ ಕೋಣೆಯಲ್ಲಿದೆ. ಪ್ರತಿ ನವರಾತ್ರಿಗೂ ಪೂಜೆ, ರಟ್ಟಿನ ಮೇಲೆ ಕುಂಕುಮದ ಪದರ. ಆದರೆ ಯಾರೂ ಓದಿಲ್ಲ. ಆ ಕಾಲದ ಪ್ರೆಸ್ಸಿನವರು ಹಾಳೆ ಮಡಚಿ ಹೊಲಿದು ಕೊಡುತ್ತಿದ್ದರು, ಅಂಚು ಓದುವವರೇ ಸೀಳಿಕೊಳ್ಳಬೇಕು. ಇದರ ಮಡಿಕೆಗಳು ಹಾಗೇ ಮುಚ್ಚಿವೆ.

"ಪೂಜೆ ಮಾಡ್ದ ಪುಸ್ತಕಕ್ಕೆ ಕತ್ತಿ ಹಾಕುದಾ ಗೂಡೇ?" ಎಂದರು ಬೊಳ್ಳಮ್ಮ, ಸಣ್ಣ ಹುಡುಗಿಯನ್ನು ಕರೆಯುವ ಹಾಗೆ.

ಪುಸ್ತಕ ಅಲ್ಲೇ ಬಿಟ್ಟು ಬಸ್ ಹತ್ತಿದೆ. ನನ್ನ ಮೇಲೇ ಸಿಟ್ಟು.

೨೫ ಜನವರಿ

ಮತ್ತೆ ಹೋದೆ. ನೆಲ ನೋಡಿಕೊಂಡೇ ಹೇಳಿದೆ — ಪೂಜೆಯಿಂದಲೇ ಇದು ಉಳಿಯಿತು, ಒಪ್ಪಿದೆ. ಮುಚ್ಚಿಯೇ ಇಟ್ಟರೆ, ಸತ್ತವರ ಹೆಸರು ಅಡಗಿಸಹೊರಟ ದೇರಪ್ಪನವರು ಗೆದ್ದ ಹಾಗೆ. ಒಳಗೆ ಯಾರ್ಯಾರ ಹೆಸರಿದೆ ಎಂದು ಬೊಳ್ಳಮ್ಮ ಕೇಳಿದರು. ಒಮ್ಮೆ ಓದಿದ ನನಗೇ ನೆನಪಿಲ್ಲ, ಅದಕ್ಕೇ ಬೇಕು ಎಂದೆ.

 ಎದ್ದು ಕೈಕಾಲು ತೊಳೆದರು. ದೀಪ ಹಚ್ಚಿ ಕೈಮುಗಿದರು. ಬಾಳೆಎಲೆ ಕೊಯ್ಯುವ ಚೂರಿ ತಂದರು. ನನ್ನ ಕೈಗೆ ಕೊಡಲಿಲ್ಲ, ಮಡಿಕೆಗಳನ್ನು ತಾವೇ ಸೀಳಿದರು.

"ಇಷ್ಟು ವರ್ಷ ಕುಂಕುಮ ತಿಂದದ್ದು ಸಾಕು. ಇನ್ನು ಮಾತಾಡ್ಲಿ."

೨ ಫೆಬ್ರವರಿ, ಸಂಜೆ

ಬೊಳ್ಳಮ್ಮ ಕೊಟ್ಟ ಪ್ರತಿಯಿಂದ ಲೈನ್‌ಮನೆಗಳ ಅಧ್ಯಾಯದ ಸ್ಟೆನ್ಸಿಲ್ ಮುಗಿಯಿತು. ಒಂದು ಹೆಸರೂ ಬಿಟ್ಟಿಲ್ಲ. ವಾಚನಾಲಯದ ಸೈಕ್ಲೋಸ್ಟೈಲ್ ಮೆಷಿನ್‌ಗೆ ದೇರಪ್ಪನವರು ಬೀಗ ಹಾಕಿಸಿದ್ದಾರೆ. ಇರಲಿ. ಮರದ ಚೌಕಟ್ಟು, ರೋಲರ್, ಅಮ್ಮನ ಹಳೆಯ ರೇಷ್ಮೆ ಸೀರೆಯ ತುಂಡು — ಒತ್ತುವ ಯಂತ್ರ ಮನೆಯಲ್ಲೇ ಕಟ್ಟಿಕೊಂಡೆ. ಮೊದಲ ಹಾಳೆ ಒತ್ತಿದೆ. ಮಸಿ ಸ್ವಲ್ಪ ಹರಡಿದೆ. ಓದಬಹುದು.

ಜಗಲಿಯಲ್ಲಿ ದೇರಪ್ಪನವರ ದನಿ. ಅಪ್ಪನಿಗೆ ದೂರು. ನನ್ನನ್ನು ಕರೆಯುತ್ತಿದ್ದಾರೆ. ಹೋಗುತ್ತೇನೆ, ಒದ್ದೆ ಹಾಳೆ ಹಿಡಿದೇ. ಕಾನೂನು ಹೇಳುವುದಿಲ್ಲ ಈ ಸಲ. ಜ್ವರದಲ್ಲಿ ಸತ್ತವರ ಹೆಸರು ಓದುತ್ತೇನೆ, ಗಟ್ಟಿಯಾಗಿ. ಮೊದಲನೆಯದು ಮಾದಿ, ಸೋಮನ ಹೆಂಡತಿ. ಆಮೇಲೆ ಅವಳ ಕೂಸು—