ಮೂರನೆಯ ಗೆಲುವಿನಲ್ಲಿ ನನ್ನ ಗಂಟಲಿನ ಪಾಲು

ಮಾನ್ಯ ಶಾಸಕರೇ,

ಹತ್ತು ವರ್ಷದ ಹಿಂದಿನ ನಿಮ್ಮ ಮೂರನೆಯ ಚುನಾವಣೆಯನ್ನು ನೀವು ಗೆಲ್ಲಲಿಲ್ಲ. ನಾನು ಸುಳ್ಳು ಹೇಳಿ ಗೆಲ್ಲಿಸಿದೆ. ನಿಮ್ಮ ಇಪ್ಪತ್ತು ವರ್ಷಗಳ ಅಜೇಯ ಸೇವೆಗೆ ನಡೆಯಲಿರುವ ಅಭಿನಂದನಾ ಸಮಾರಂಭದಲ್ಲಿ ಮೈಕಿನಲ್ಲಿ ಓದಲೆಂದು ಅಭಿಮಾನಿ ಬಳಗದವರು ನನಗೊಂದು ಕಿರುಹೊತ್ತಿಗೆ ಕಳಿಸಿದ್ದಾರೆ. ಅದರಲ್ಲಿ ಆ ವರ್ಷದ ಬಗ್ಗೆ "ಮತದಾರ ಪ್ರಭುಗಳ ನಿರ್ಮಲ ಪ್ರೀತಿಯಿಂದ ಪುನರಾಯ್ಕೆ" ಎಂದಿದೆ. ಆ ಸಾಲು ಓದಲು ನನಗೆ ನಾಲಿಗೆ ಏಳುತ್ತಿಲ್ಲ. ಅದಕ್ಕೇ ಈ ಪತ್ರ.

ನನ್ನನ್ನು ಊರು ಗುರುತಿಸುವುದು ಮುಖದಿಂದಲ್ಲ, ದನಿಯಿಂದ. ನಲ್ಲಿಯಲ್ಲಿ ನೀರು ಬರುವ ಹೊತ್ತು, ಪೋಲಿಯೊ ಹನಿ ಹಾಕುವ ದಿನ, ಕಳೆದುಹೋದ ಮಗುವಿನ ಅಂಗಿಯ ಬಣ್ಣ, ಇವನ್ನೆಲ್ಲ ಪುರಸಭೆಯ ವ್ಯಾನಿನಲ್ಲಿ ಕೂತು ಸಾರುವವನು ನಾನು. "ಮೈಕಣ್ಣ ಹೇಳಿದ ಅಂದ್ಮೇಲೆ ಮುಗೀತು" ಎಂದು ಜನ ಬಕೆಟ್ ಹಿಡಿದು ಹೊರಗೆ ಬರುತ್ತಿದ್ದರು. ಹದಿನೆಂಟು ವರ್ಷ ತಪ್ಪು ಹೊತ್ತು ಹೇಳದೆ ಗಳಿಸಿದ ನಂಬಿಕೆ ಅದು. ನಿಮಗೆ ಬೇಕಾಗಿದ್ದದ್ದೂ ಅದೇ ಅಲ್ಲವೇ?

ಮೊದಲ ಸಲ ನೀವು ಮನೆಮನೆಗೆ ನಡೆದೇ ಗೆದ್ದಿರಿ. ಚಪ್ಪಲಿ ಸವೆದದ್ದನ್ನು ಕಂಡವನು ನಾನು, ಇಲ್ಲವೆನ್ನಲಾರೆ. ಎರಡನೆಯ ಸಲ ಗಾಳಿ ಬಂದಾಗ ತೂರಿಕೊಂಡಿರಿ. ಪಕ್ಷ ಬದಲಿಸುವುದು ಈಗ ಅಂಗಿ ಬದಲಿಸುವುದಕ್ಕಿಂತ ಸಲೀಸು, ಅದೂ ಇರಲಿ. ಮೂರನೆಯ ಸಲ ನಿಮ್ಮೆದುರು ನಿಂತದ್ದು ಸರ್ಕಾರಿ ಆಸ್ಪತ್ರೆಯ ಹಿರಿಯ ನರ್ಸ್. ಹೆರಿಗೆ ವಾರ್ಡು ಮುಚ್ಚಿಸಿ ಆ ಕಟ್ಟಡವನ್ನು ಅಂಗಡಿ ಮಳಿಗೆಗಳಿಗೆ ಕೊಡಿಸಲು ನೀವು ಹೊರಟಿದ್ದಿರಿ. ಅದನ್ನು ತಡೆಯಲೆಂದೇ ಆಕೆ ಇನ್ನೂ ನಾಲ್ಕು ವರ್ಷವಿದ್ದ ನೌಕರಿಗೆ ರಾಜೀನಾಮೆ ಕೊಟ್ಟು ಕಣಕ್ಕಿಳಿದಿದ್ದರು. ನನ್ನ ಇಬ್ಬರು ಮಕ್ಕಳೂ ಹುಟ್ಟಿದ್ದು ಅವರ ಕೈಯಲ್ಲೇ.

ಪ್ರಚಾರದ ಕೊನೆಯ ದಿನ, ಮಧ್ಯಾಹ್ನ ನಾಲ್ಕು ಗಂಟೆ. ಪೀಠೋಪಕರಣದ ಅಂಗಡಿಯ ಮಹಡಿಯಲ್ಲಿದ್ದ ನಿಮ್ಮ ಕಚೇರಿಗೆ ಕರೆಸಿ ಒಂದು ಚೀಟಿ ಕೊಟ್ಟಿರಿ. ನರ್ಸ್ ಅಕ್ಕ ಅನಾರೋಗ್ಯದಿಂದ ಹಿಂದೆ ಸರಿದಿದ್ದಾರೆ, ನಿಮಗೇ ಬೆಂಬಲ ಘೋಷಿಸಿದ್ದಾರೆ ಎಂದು ಅದರಲ್ಲಿ ಬರೆದಿತ್ತು.

"ಅಕ್ಕ ಬೆಳಗ್ಗೆ ಕೂಡ ಓಡಾಡ್ತಿದ್ರಲ್ಲ ಸಾರ್?" ಎಂದೆ.

"ಇದನ್ನ ನೀನು ಬರೆದ್ಯಾ? ಓದೋನಿಗೆ ಯಾವ ಪಾಪಾನೂ ಇಲ್ಲ, ಓದಯ್ಯ" ಎಂದಿರಿ. ಆಮೇಲೆ ಮೆಲ್ಲಗೆ, "ನಿನ್ನ ಕೆಲಸ ಖಾಯಂ ಆಗೋ ಕಡತ ಎಲ್ಲಿದೆ, ಗೊತ್ತಲ್ಲ?"

ಗೊತ್ತಿತ್ತು. ಓದಿದೆ. ಹನ್ನೊಂದು ಬೀದಿ ಓದಿದೆ.

ಇಲ್ಲಿಂದ ಮುಂದಿನದು ನಿಮಗೂ ಗೊತ್ತಿಲ್ಲ, ನನ್ನ ಹೆಂಡತಿಗೂ ಗೊತ್ತಿಲ್ಲ. ವ್ಯಾನು ಅಂಚೆ ಕಚೇರಿಯ ತಿರುವು ದಾಟುವಾಗ ಪಕ್ಕದ ಕನ್ನಡಿಯಲ್ಲಿ ನರ್ಸ್ ಅಕ್ಕ ಕಂಡರು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎರಡೂ ಕೈ ಬೀಸುತ್ತಾ ಓಡಿ ಬರುತ್ತಿದ್ದರು. ಬಾಯಿ ಆಡುವುದು ಕಾಣುತ್ತಿತ್ತು. "ನಾನಿಲ್ಲೇ ಇದೀನಿ" ಎನ್ನುತ್ತಿದ್ದರೆಂದು ತುಟಿ ನೋಡಿಯೇ ತಿಳಿಯಿತು. ನಾನು ವ್ಯಾನು ನಿಲ್ಲಿಸಲು ಹೇಳಲಿಲ್ಲ. ಧ್ವನಿವರ್ಧಕದ ಗುಂಡಿ ತಿರುಗಿಸಿ ಸದ್ದು ಏರಿಸಿದೆ. ಅದು ನಿಮ್ಮ ಚೀಟಿಯಲ್ಲಿರಲಿಲ್ಲ ಸ್ವಾಮಿ. ಅದು ಪೂರ್ತಿ ನನ್ನದೇ.

ಐದು ಗಂಟೆಗೆ ಬಹಿರಂಗ ಪ್ರಚಾರದ ಗಡುವು ಮುಗಿಯಿತು. ಕಾನೂನು ಆಕೆಯ ಬಾಯಿಯನ್ನೂ ಮುಚ್ಚಿಸಿತು. ನೀವು ಗೆದ್ದದ್ದು ನಾನೂರ ಹನ್ನೆರಡು ಮತಗಳಿಂದ. ಅವುಗಳಲ್ಲಿ ಒಂದು ನನ್ನ ಮನೆಯದು. "ಅಕ್ಕಂಗೇ ಹಾಕ್ತೀನಿ ಅಂತ ಮಾತು ಕೊಟ್ಟಿದ್ದೆ. ನೀವೇ ಹೇಳಿದ್ರಲ್ಲ ಅವರು ನಿಂತಿಲ್ಲ ಅಂತ, ಓಟು ಯಾಕೆ ಹಾಳು ಮಾಡೋದು ಅಂತ ಆ ಕಡೆ ಒತ್ತಿದೆ" ಎಂದಳು ನನ್ನ ಹೆಂಡತಿ. ಬಟ್ಟೆ ಮಡಚುತ್ತಾ, ತೀರಾ ಸಹಜವಾಗಿ. ನಾನು ಹೂಂ ಎಂದೆ. ಆ ಒಂದು ಹೂಂ ಅನ್ನು ಹತ್ತು ವರ್ಷ ನುಂಗಿಕೊಂಡು ಬಂದಿದ್ದೇನೆ.

ಅಕ್ಕ ದೂರು ಕೊಟ್ಟಾಗ ವಿಚಾರಣೆಗೆ ನನ್ನನ್ನೂ ಕರೆದರು. "ನಾನು ಹಾಗಂದಿಲ್ಲ, ಗಾಳಿಗೆ ಜನರಿಗೆ ತಪ್ಪಾಗಿ ಕೇಳಿಸಿರಬೇಕು" ಎಂದೆ. ಹನ್ನೊಂದು ಬೀದಿಗೂ ಒಂದೇ ಗಾಳಿ ಬೀಸಿತ್ತೇ ಎಂದು ಅಧಿಕಾರಿಗಳು ಕೇಳಲಿಲ್ಲ. ದೂರು ಬಿದ್ದುಹೋಯಿತು. ಮರುವರ್ಷ ಹೆರಿಗೆ ವಾರ್ಡು ಮುಚ್ಚಿತು, ನನ್ನ ಕೆಲಸ ಖಾಯಂ ಆಯಿತು. ನೀವು ನಾಲ್ಕನೆಯ ಸಲ ನಿಂತಾಗ ಎದುರು ನಿಲ್ಲುವ ಧೈರ್ಯ ಯಾರಿಗೂ ಇರಲಿಲ್ಲ. ಕಿರುಹೊತ್ತಿಗೆಯ ಪ್ರಕಾರ ಅದರ ಹೆಸರು "ಅವಿರೋಧ ಜನಮನ್ನಣೆ".

ಕಳೆದ ವಾರ ಅಕ್ಕನ ಬಳಿಗೆ ಹೋದೆ. ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಈಗ ಇಂಜೆಕ್ಷನ್ ಕೊಡುತ್ತಾರೆ. ಕನ್ನಡಿಯ ಮಾತನ್ನೂ ಬಿಡದೆ ಎಲ್ಲ ಹೇಳಿ ತಲೆ ತಗ್ಗಿಸಿ ಕೂತೆ. ಬೈದಿದ್ದರೆ ಹಗುರಾಗುತ್ತಿದ್ದೆ. ಆಕೆ ಸಿರಿಂಜಿನ ಪೆಟ್ಟಿಗೆ ಮುಚ್ಚಿ, "ನೀನು ಕನ್ನಡೀಲಿ ನನ್ನ ನೋಡ್ದೆ ಅಂತ ನಂಗೆ ಅವತ್ತೇ ಗೊತ್ತಿತ್ತಪ್ಪ. ಗೊತ್ತಿರೋಳ ಹತ್ರ ಬಂದು ಅತ್ತರೆ ಏನು ಬಂತು? ಗೊತ್ತಿಲ್ಲದೋರಿಗೆ ಹೋಗಿ ಹೇಳು" ಎಂದರು.

ಹೇಳುತ್ತಿದ್ದೇನೆ. ಐದನೆಯ ಸಲ ನಾಮಪತ್ರ ಸಲ್ಲಿಸುವ ಮೊದಲು, ಅದೇ ಅಭಿನಂದನಾ ವೇದಿಕೆಯಲ್ಲಿ, "ಆಕೆ ಹಿಂದೆ ಸರಿದಿರಲಿಲ್ಲ, ನಾನು ಹಾಗೆ ಹೇಳಿಸಿದೆ" ಎಂದು ನೀವು ಒಪ್ಪಿಕೊಳ್ಳಬೇಕು. ಮುಚ್ಚಿಸಿದ ವಾರ್ಡನ್ನು ತೆರೆಸಬೇಕು. ನನ್ನ ಪ್ರಮಾಣಪತ್ರವನ್ನು ಚುನಾವಣಾಧಿಕಾರಿಗಳಿಗೆ ಈಗಾಗಲೇ ಕೊಟ್ಟಿದ್ದೇನೆ. ತಪ್ಪಿತಸ್ಥರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು, ಎರಡನೆಯದು ನಿಮ್ಮದು. ಕೆಲಸ ಹೋಗುತ್ತದೆ, ಹೋಗಲಿ.

ನೀವು ಒಪ್ಪಿದರೂ ಬಿಟ್ಟರೂ ಸೋಮವಾರದಿಂದ ನಾನು ಆ ಹನ್ನೊಂದು ಬೀದಿಗಳಿಗೆ ಹೋಗುತ್ತೇನೆ. ವ್ಯಾನಿಲ್ಲ, ಮೈಕಿಲ್ಲ, ಒಂದೊಂದೇ ಬಾಗಿಲು. ಮೊದಲು ಹೋಗಬೇಕಾದದ್ದು ಬೇಕರಿಯವರ ಮನೆಗೆ. ಕಳೆದ ಮಳೆಗಾಲ ಅವರ ಸೊಸೆ ನಗರದ ಆಸ್ಪತ್ರೆಗೆ ಹೊರಟವಳು, ರೈಲ್ವೆ ಗೇಟು ತೆರೆಯುವುದನ್ನು ಕಾಯುತ್ತಾ ಕಾರಿನಲ್ಲೇ ಹೆತ್ತಳು. ಮಗು ಅಳಲಿಲ್ಲ. ಆ ಬಾಗಿಲು ತಟ್ಟಿ ಮೊದಲ ಮಾತು ಏನೆಂದು ಆಡಬೇಕೋ, ನನಗಿನ್ನೂ ಹೊಳೆದಿಲ್ಲ.

ಇಂತಿ,
ಯಾರ ವಿಶ್ವಾಸಕ್ಕೂ ಯೋಗ್ಯನಾಗಿ ಉಳಿಯದ
ಮೈಕಣ್ಣ