ತೂತು ಬಿದ್ದ ಗಾಜು

ವಾಯುಸೇನಾ ಸಂಗ್ರಹಾಲಯದ ಮುಖ್ಯಸ್ಥರಿಗೆ,

ಆಮಂತ್ರಣ ತಲುಪಿತು. ಕೆರೆಯ ಕೆಸರಿನಿಂದ ನಮ್ಮಣ್ಣನ ಯುದ್ಧವಿಮಾನವನ್ನು ಎತ್ತಿಸಿ, ಮದುಮಗನಂತೆ ಸಿಂಗರಿಸಿದ್ದೀರಿ. ನಿನ್ನೆ ಷೆಡ್ಡಿಗೆ ಬಂದು ನೋಡಿದೆ.

ಅಣ್ಣನ ಮುಖದೆದುರಿನ ಗಾಜಿನಲ್ಲಿ ಗುಂಡಿನ ತೂತುಗಳಿದ್ದವು. ಅದನ್ನು ಕಿತ್ತು ಮೂಲೆಗೆಸೆದು, ಹೊಸ ಗಾಜು ಕೂರಿಸಿದ್ದೀರಿ. "ನೋಡೋರಿಗೆ ಚೆಂದ ಕಾಣ್ಬೇಕಲ್ಲ ಅಜ್ಜಿ" ಎಂದ ನಿಮ್ಮ ಮೆಕ್ಯಾನಿಕ್.

ಶತ್ರುವಿಗೆ ಬೆನ್ನು ತೋರಿಸಿ ವಿಮಾನ ಸಮೇತ ಓಡಿಹೋದನೆಂದು ಅಂದು ನಮ್ಮ ಮನೆಗೆ ಬರೆದು ಕಳಿಸಿದವರು ನಿಮ್ಮ ವಾಯುಸೇನೆಯವರೇ. ಅಮ್ಮ ಸಾಯುವವರೆಗೂ ಬೀದಿಯಲ್ಲಿ ತಲೆಯೆತ್ತಿ ನಡೆಯಲಿಲ್ಲ. ಓಡಿಹೋಗುವವನಿಗೆ ಎದುರಿನಿಂದ ಗುಂಡು ಬೀಳುತ್ತದೆಯೇ ಸ್ವಾಮಿ?

ಉದ್ಘಾಟನೆಗೆ ಮೊದಲು ಆ ಹಳೆಯ ಗಾಜನ್ನೇ ಮತ್ತೆ ಕೂರಿಸಿ. ಕೂರಿಸಿದರೆ ಬಂದು ಮುಂದಿನ ಸಾಲಿನಲ್ಲಿ ತೆಪ್ಪಗೆ ಕೂರುತ್ತೇನೆ. ಇಲ್ಲದಿದ್ದರೂ ಬರುತ್ತೇನೆ, ಊರುಗೋಲಿನ ಬದಲು ಸುತ್ತಿಗೆ ಹಿಡಿದು.

ಇಂತಿ,
ನಿಮ್ಮ ಲೆಕ್ಕದಲ್ಲಿ ಓಡಿಹೋದವನ ತಂಗಿ