ಹಾಲಿವುಡ್ ಸೋಮಪ್ಪನ ಬಲಗೈ

ಪೀಣ್ಯ ಎರಡನೇ ಹಂತ, ಬೆಂಗಳೂರು
18 ಜೂನ್ 2024, ಮಂಗಳವಾರ

ಪ್ರೀತಿಯ ಮೈದುನ ಹನುಮೇಶನಿಗೆ,

ನಿನ್ನ ವೈನಿ ಮಹಾನಂದಾಳ ಆಶೀರ್ವಾದ. ಹುಷಾರಾಗಿದ್ದೀಯಾ? ಆ ಒಣಕೆಮ್ಮು ಹೋಯಿತಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಚಹಾ ಕುಡಿದೇ ದಿನ ದೂಡುತ್ತೀಯೋ? ನೀನು ಅಣ್ಣನ ಕಾರ್ಖಾನೆಯ ಕೆಲಸ ಬಿಟ್ಟು ಹೋಗಿ ಎರಡು ತಿಂಗಳು, ಅಂದಿನಿಂದ ನಿನ್ನ ಫೋನೂ ಬಂದ್. ಒಂದೇ ಊರಿನಲ್ಲಿದ್ದುಕೊಂಡು ಸಮುದ್ರದಾಚೆಯವರಿಗೆ ಬರೆದ ಹಾಗೆ ಬರೆಯುವ ಕಾಲ ಬಂತು ನೋಡು. ಟೆಂಪೊ ಓಡಿಸುವ ಗದಿಗೆಪ್ಪ ನಿನ್ನನ್ನು ಹೆಬ್ಬಗೋಡಿಯ ಖಾನಾವಳಿಯಲ್ಲಿ ಕಂಡನಂತೆ. ಅವನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ, ಜೊತೆಗೆ ಹತ್ತು ರೊಟ್ಟಿ, ಶೇಂಗಾ ಚಟ್ನಿ. ನನ್ನ ಸಿಟ್ಟು ನಿನ್ನ ಮೇಲಿದೆ, ನಿನ್ನ ಹೊಟ್ಟೆಯ ಮೇಲಲ್ಲ. ಉಣ್ಣು.

ನಿಮ್ಮಣ್ಣನ ಗಾಯ ಆರಿದೆ. ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದದ್ದು. ಅಂಗಿಯ ಗುಂಡಿ ನಾನೇ ಹಾಕಬೇಕು, ಅನ್ನ ನಾನೇ ಕಲಸಿಕೊಡಬೇಕು. ಹಾಗೆ ಕಲಸುವಾಗ ಅವರು ಗೋಡೆ ನೋಡುತ್ತಾರೆ. ಕಾರ್ಖಾನೆಯವರು ವಿಚಾರಣೆ ನಡೆಸಿದ್ದಾರೆ. ತಗಡು ಒತ್ತುವ ಪ್ರೆಸ್ಸಿನೊಳಗೆ ಕೈ ಹೋಗದ ಹಾಗೆ ಮುಂದೆ ಇರುವ ಜಾಲರಿ, ನೀವು ರಿಪೇರಿಯವರು ಗಾರ್ಡ್ ಅನ್ನುತ್ತೀರಲ್ಲ, ಅದನ್ನು ಇವರೇ ಬಿಚ್ಚಿದ್ದು ಎಂದು ತೀರ್ಮಾನವಾದರೆ ಕೆಲಸವೂ ಹೋಯಿತು, ಪರಿಹಾರವೂ ಹೋಯಿತು. ಅದಕ್ಕೆ ಅವರ ಹತ್ತಿರ ಇರುವ ಸಾಕ್ಷಿ ಏನು ಗೊತ್ತೇ? ನಿಮ್ಮಣ್ಣನ ನಾಟಕ.

ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಹದಿನಾರು ವರ್ಷ ಕಂಪನಿ ನಾಟಕದಲ್ಲಿ ಹೀರೋ ಆಗಿ ಮೆರೆದ ಮನುಷ್ಯ. ಮಾಲೀಕರು ಹುಬ್ಬಳ್ಳಿಯಲ್ಲಿ ಹಳೇ ಇಂಗ್ಲಿಷ್ ಸಿನಿಮಾ ನೋಡಿ ಬಂದು, ಇವರಿಗೆ ಕೋಟು ಹೊಲಿಸಿ, ಹ್ಯಾಟು ಕೊಡಿಸಿ, ಕಾಡಿಗೆಯಲ್ಲಿ ತೆಳ್ಳನೆ ಮೀಸೆ ಬರೆಸಿ, ‘ಹಾಲಿವುಡ್ ಸೋಮಪ್ಪ’ ಎಂದು ಗೋಡೆ ಗೋಡೆಗೆ ಭಿತ್ತಿಪತ್ರ ಅಂಟಿಸಿದ್ದರು. ಹಾಲಿವುಡ್ ಯಾವ ದಿಕ್ಕಿಗಿದೆ ಎಂದು ಇವರಿಗೂ ಗೊತ್ತಿರಲಿಲ್ಲ, ಮಾಲೀಕರಿಗೂ ಗೊತ್ತಿರಲಿಲ್ಲ. ಆದರೆ ಪರದೆ ಸರಿದು, ಬಲಗೈಯಲ್ಲಿ ಹ್ಯಾಟಿನ ಅಂಚು ಮುಟ್ಟಿ ಕಿರುನಗೆ ಬೀರಿದರೆ ಗದಗಿನ ಥಿಯೇಟರಿನಲ್ಲಿ ಐದು ನಿಮಿಷ ಶಿಳ್ಳೆ. ನಾನೂ ಆ ಹ್ಯಾಟಿಗೇ ಮರುಳಾದವಳು. ಮದುವೆಯ ದಿನ ಹ್ಯಾಟಿಲ್ಲದ ಬೋಳುತಲೆ ನೋಡಿ ನಮ್ಮವ್ವ, ‘ಇವನೇನ ಆ ಹುಡುಗ?’ ಎಂದು ಎಲ್ಲರೆದುರೇ ಕೇಳಿಬಿಟ್ಟಿದ್ದಳು. ನಾಟಕ ಕಂಪನಿ ಮುಚ್ಚಿತು, ಹೀರೋ ಪ್ರೆಸ್ಸಿನ ಮುಂದೆ ನಿಂತರು. ಆಳಾಗಬಲ್ಲವನು ಅರಸಾಗಬಲ್ಲ ಎನ್ನುತ್ತಾರೆ. ಅರಸನಾಗಿದ್ದವನು ಆಳಾಗುವುದು ಎಷ್ಟು ಕಷ್ಟ ಎಂದು ಯಾರೂ ಹೇಳುವುದಿಲ್ಲ. ಒಂದು ದಿನವೂ ಗೊಣಗಲಿಲ್ಲ ಪುಣ್ಯಾತ್ಮ.

ಮಾರ್ಚ್‌ನಲ್ಲಿ ಸುರಕ್ಷತಾ ಸಪ್ತಾಹ ಬಂತಲ್ಲ, ಕಚೇರಿಯ ಸುಮಂಗಲಾ ಮೇಡಂ, ‘ಸೋಮಪ್ಪ, ನೀವೇ ಆಕ್ಟ್ ಮಾಡ್ಬೇಕು’ ಅಂದರು. ಹೀರೋ ಪಾತ್ರವಲ್ಲ. ಗಾರ್ಡ್ ಬಿಚ್ಚಿ ಕೈ ಕಳೆದುಕೊಳ್ಳುವ ಮೂರ್ಖನ ಪಾತ್ರ. ಹೆಣ್ಣು ಕೊಟ್ಟ ಮಾವನ ಕಾಲಿಗೂ ಬೀಳದ ಮನುಷ್ಯ, ಹದಿನೈದು ವರ್ಷದ ಮೇಲೆ ಬಣ್ಣ ಹಚ್ಚುವ ಆಸೆಗೆ ಒಪ್ಪಿಕೊಂಡರು. ‘ಬ್ಯಾಡ್ರಿ, ಅಪಶಕುನ’ ಎಂದು ಹೇಳಬೇಕಾದ ನಾನೇ ಕುಂಕುಮ ಕಲಸಿ ರಕ್ತ ಮಾಡಿಕೊಟ್ಟೆ. ಆ ಪಾಪ ನನಗಿರಲಿ. ‘ಗಾರ್ಡ್ ಬೇಕಾಗೂದು ಅಂಜುಬುರುಕರಿಗೆ, ನನ್ನ ಕೈ ಮಷಿನ್‌ಕಿಂತ ಜೋರ ಐತಿ!’ ಎಂದು ಎದೆ ತಟ್ಟಿ ಹೇಳಿದರಲ್ಲ, ಅದು ಬರೆದುಕೊಟ್ಟ ಮಾತಲ್ಲ, ಇವರೇ ಸೇರಿಸಿದ್ದು. ಎಲ್ಲರೂ ಮೊಬೈಲಿನಲ್ಲಿ ಹಿಡಿದುಕೊಂಡರು. ಒಂದು ತಿಂಗಳಾದ ಮೇಲೆ ಅದೇ ಪ್ರೆಸ್ಸಿನಲ್ಲಿ ಕೈ ಹೋಯಿತು. ವಿಚಾರಣೆಯಲ್ಲಿ ಆ ವಿಡಿಯೋ ಹಾಕಿ, ‘ಈ ಮನುಷ್ಯನ ಸ್ವಭಾವವೇ ಇದು, ಅವನ ಬಾಯಲ್ಲೇ ಕೇಳಿ’ ಅಂದರಂತೆ. ನಾಟಕ ಕಟ್ಟಿಸಿದ ಸುಮಂಗಲಾ ಮೇಡಂ ತಲೆ ತಗ್ಗಿಸಿ ಕೂತಿದ್ದರಂತೆ. ರಂಗದ ಮೇಲೆ ಮೂರು ತಾಸು ಮಾತಾಡುತ್ತಿದ್ದ ನಿಮ್ಮಣ್ಣ ಅಲ್ಲಿ ತುಟಿ ಬಿಚ್ಚಲಿಲ್ಲ.

ಈಗ ದಿನವೂ ರಕ್ಷಿತಾಳ ಹಳೇ ನೋಟುಬುಕ್ಕಿನಲ್ಲಿ ಎಡಗೈಯಲ್ಲಿ ಸಹಿ ಕಲಿಯುತ್ತಿದ್ದಾರೆ. ‘ಅಪ್ಪಾ, ಸೊಟ್ಟ ಆಗೇದ, ಮತ್ತ ಬರಿ’ ಎಂದು ಮಗಳು ತಿದ್ದುತ್ತಾಳೆ. ‘ಕಾಕಾ ಯಾವಾಗ ಬರ್ತಾನ?’ ಎಂದೂ ಕೇಳುತ್ತಾಳೆ. ಗುಳೇದಗುಡ್ಡದಿಂದ ಅತ್ತೆ ಫೋನು ಮಾಡಿದರೆ ಎಲ್ಲರೂ ಆರಾಮ ಎಂದು ಸುಳ್ಳು ಹೇಳುತ್ತೇನೆ. ನೀನಾದರೂ ಅವರಿಗೆ ಒಮ್ಮೆ ಫೋನು ಮಾಡು. ಮೈ ಕಡೆ ನೋಡಿಕೋ, ರಾತ್ರಿ ಪಾಳಿಯಲ್ಲಿ ತಂಪು ಕುಡಿಯಬೇಡ. ನೂರು ವರ್ಷ ಬಾಳು.

ನಿನ್ನ ವೈನಿ,
ಮಹಾನಂದಾ

ತಾ.ಕ.: ಗದಿಗೆಪ್ಪ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ನಾಟಕದ ಆ ಮಾತು ನಿನ್ನದು, ಹನುಮೇಶ. ಗಾರ್ಡ್ ಬಿಚ್ಚುವಾಗಲೆಲ್ಲ ನೀನು ಹೇಳುತ್ತಿದ್ದುದನ್ನೇ ಅವರು ಹೇಳಿದ್ದು. ನೀನು ಮುಂದಿನ ಸಾಲಿನಲ್ಲಿ ಕೂತು ಬಿದ್ದು ಬಿದ್ದು ನಕ್ಕಿದ್ದೆಯಂತೆ. ಅವತ್ತು ರಿಪೇರಿಗೆಂದು ಗಾರ್ಡ್ ಬಿಚ್ಚಿ, ‘ಇವತ್ತೊಂದಿನ ಹಂಗ ನಡಸಣ್ಣ’ ಎಂದು ಹೋದವನೂ ನೀನೇ. ಇದನ್ನು ನಿಮ್ಮಣ್ಣ ಆಸ್ಪತ್ರೆಯಲ್ಲಿ ನನಗೊಬ್ಬಳಿಗೇ ಹೇಳಿದರು. ಬರುವ ಸೋಮವಾರ ಹತ್ತು ಗಂಟೆಗೆ ‘ಗಾರ್ಡ್ ನಾನೇ ಬಿಚ್ಚಿದೆ’ ಎಂಬ ಕಾಗದಕ್ಕೆ ಸಹಿ ಹಾಕುತ್ತಾರೆ. ಎಡಗೈ ಪಳಗಿಸುತ್ತಿರುವುದು ಅದಕ್ಕೇ. ನಿನಗೆ ಬರೆಯುತ್ತೇನೆ ಎಂದಿದ್ದಕ್ಕೆ ಬೈದರು: ‘ಅವನ್ನ ಎಳೀಬ್ಯಾಡ. ಅವಗ ಇನ್ನೂ ಎರಡೂ ಕೈ ಅದಾವ, ದುಡದು ತಿನ್ಲಿ.’